ಸುಮ್ಮನೆ ನಿಂತ ಗಟ್ಟಿಮೇಳ

“ಡೋಲು ನಿಲ್ಲಸ್ರೋ!” ತಾಳಿ ಕಟ್ಟುವ ಹೊತ್ತಿಗೆ ಮದುಮಗಳೇ ಕೂಗಿದಳು. ಬಾದನಹಟ್ಟಿಯ ಆ ಮದುವೆಯಲ್ಲಿ ಡೋಲು ಬಾರಿಸುತ್ತಿದ್ದವನು ನಾನು. ಗಟ್ಟಿಮೇಳ ಆಗಷ್ಟೇ ಶುರುವಾಗಿತ್ತು. ನನಗೆ ಸಿಟ್ಟು ಬಂತು.

ಅವಳ ಅಣ್ಣನಿಗೆ ಆಟಿಸಂ ಇದೆಯಂತೆ. ಜೋರು ಸದ್ದು ತಡೆಯಲಾರ. ಕಿವಿ ಮುಚ್ಚಿಕೊಂಡು ಹೊರಗೆ ಓಡಿದ್ದ. ತಾಳಿ ನೋಡುವುದು ಬಿಟ್ಟು ತಾಯಿಯೂ ಅವನ ಹಿಂದೆ ಓಡಿದ್ದರು.

ಅವಳ ದೊಡ್ಡಪ್ಪ ರೇಗಿದರು. “ಗಟ್ಟಿಮೇಳ ಇಲ್ದ ತಾಳಿ ಕಟ್ತಾರೇನವ್ವಾ? ಯಾರರ ಸೀನಿದ್ದು ಕೇಳಿಸಿದ್ರ ಅಪಶಕುನ!”

“ಸೀನಿದ್ರ ಸೀನ್ಲಿ ಬಿಡು ದೊಡ್ಡಪ್ಪ. ನಮ್ಮವ್ವ, ನಮ್ಮಣ್ಣ ನೋಡ್ಲಾರದ ತಾಳಿ ನನಗ ಬ್ಯಾಡ.”

ಮದುಮಗ ಹೂಂ ಎಂದ. ನಾನು ಡೋಲು ಕೆಳಗಿಟ್ಟೆ. ತಾಯಿ ಮಗನನ್ನು ನಿಧಾನಕ್ಕೆ ಒಳಗೆ ಕರೆತಂದರು. ಮಂಟಪದಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಮದುಮಗ ತಾಳಿ ಕಟ್ಟಿದ. ಅಷ್ಟರಲ್ಲಿ ಯಾರೋ ಜೋರಾಗಿ ಸೀನಿದರು. ನೋಡಿದರೆ ದೊಡ್ಡಪ್ಪನೇ!

ಮೊದಲು ನಕ್ಕವನು ಅಣ್ಣ, ಕುಣಿಕುಣಿದು ನಕ್ಕ. ಆಮೇಲೆ ಮದುಮಗಳು, ಇಡೀ ಮಂಟಪ, ಕೊನೆಗೆ ದೊಡ್ಡಪ್ಪನೂ. ಅಣ್ಣ ಎರಡೂ ಕೈ ತುಂಬ ಅಕ್ಕಿಕಾಳು ತೆಗೆದು ತಂಗಿಯ ತಲೆ ಮೇಲೆ ಸುರಿದ. ತಾಯಿ ಪಕ್ಕದಲ್ಲೇ ನಿಂತು ಎಲ್ಲವನ್ನೂ ನೋಡಿದರು.

ಈಗ ಯಾರು ಮದುವೆಗೆ ಕರೆದರೂ, ಸದ್ದು ತಡೆಯಲಾರದವರು ಮನೆಯಲ್ಲಿ ಇದ್ದಾರಾ ಎಂದು ನಾನೇ ಕೇಳುತ್ತೇನೆ. ಮೊನ್ನೆ ಸಿರುಗುಪ್ಪದಲ್ಲಿ ಕೇಳಿದಾಗ ಒಬ್ಬ ತಾಯಿ, “ನನ್ ಮಗಳು ಅದಾಳಪ್ಪ. ಈ ಮದುವಿಗಿ ಆಕೀನೂ ಕರ್ಕೊಂಡ್ ಬರ್ಲೇನು?” ಅಂದರು. “ಮುಂದಿನ ಸಾಲಿನಾಗ ಕುಂದ್ರಸ್ರಿ” ಅಂದೆ.