ತೊಟ್ಟಿಲು ಹಿಡಿದ ಕೈ

ಹೊಟ್ಟೆಯಲ್ಲಿದ್ದ ಕೂಸು ಉಳಿಯದೆ ನಾನು ಕುಬಿಹಾಳದ ತವರಿಗೆ ಬಂದು ಮಲಗಿದ್ದಾಗ ಒಂದು ಕನಸು ಬಿತ್ತು. ಕಡಲೆ ಕಿತ್ತ ಹೊಲ, ಬಿರುಕು ಬಿಟ್ಟ ಎರೆಮಣ್ಣು. ಬಿರುಕಿನೊಳಗಿಂದ ಒಂದು ಕೈ ಮೇಲೆದ್ದು ಬಣ್ಣದ ತೊಟ್ಟಿಲನ್ನು ತೂಗುತ್ತಿತ್ತು.

ಸಂಶಿಯಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಮದುವೆ, ಸೀಮಂತದ ಕೆಲಸದ ನಡುವೆಯೇ ಹುಬ್ಬಳ್ಳಿಗೆ ಹೋಗಿ ಒಬ್ಬ ಹೆಸರಾಂತ ಕಲಾವಿದರ ಛಾಯಾಗ್ರಹಣದ ತರಗತಿಯಲ್ಲಿ ಕೂರುತ್ತಿದ್ದೆ. ಸರ್ರಿಯಲಿಸಂ ಎಂಬ ಮಾತು ಕೇಳಿದ್ದೇ ಅವರಿಂದ. ಯುದ್ಧ ಕಂಡ ಯುರೋಪಿನ ಕಲಾವಿದರು ಬುದ್ಧಿಯ ಮೇಲಿನ ನಂಬಿಕೆ ಕಳೆದುಕೊಂಡು ಕನಸಿನ ಕಡೆ ತಿರುಗಿದರಂತೆ. ಕಣ್ಣಿಗೆ ಕಾಣದ್ದನ್ನೂ ಕ್ಯಾಮೆರಾದಿಂದ ತೋರಿಸಿದರಂತೆ. ನನ್ನ ಕನಸಿಗೂ ಒಂದು ಜಾಗವಿದೆ ಎಂದು ಆಗ ಅನ್ನಿಸಿತು.

ತೆಗೆದೇಬಿಟ್ಟೆ. ತೊಟ್ಟಿಲು ತವರುಮನೆಯದೇ, ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿಯಿಂದ ತಂದದ್ದು. ಕೈ ದೊಡ್ಡವ್ವನದು, ಅಂದರೆ ತವರಿನಲ್ಲೇ ಇರುವ ನಮ್ಮವ್ವನ ಅಕ್ಕನದು. ಮಣಿಕಟ್ಟಿನ ಮೇಲೆ ಚೇಳಿನ ಹಚ್ಚೆ. ಕರಿ ಕಂಬಳಿಯ ಮುಂದೆ ಆ ಕೈ ಚಾಚಿಸಿ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಹೊಲದ ಚಿತ್ರದೊಳಗೆ ಕೂಡಿಸಿದೆ.

“ಜೀವ ಇರೂವಾಗ್ಲೇ ನನ್ನ ಮಣ್ಣಾಗ ಹುಗದಿ ಅಲ್ಲ ಬೇ!” ಎಂದು ದೊಡ್ಡವ್ವ ನಕ್ಕಳು. ಆಮೇಲೆ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ತೊಟ್ಟಿಲೊಳಗೆ ಇಣುಕಿದಳು. “ಒಳಗ ಕೂಸಿಲ್ಲಲ್ಲ?”

“ಇಲ್ಲ.”

ಅದನ್ನು ತರಗತಿಯಲ್ಲಿ ತೋರಿಸಿದೆ. “ಇದು ಕಲಾ ಅಲ್ರಿ, ಸ್ಟುಡಿಯೊದವರ ಗಿಮಿಕ್ಕು” ಎಂದರು ಕಲಾವಿದರು. ಎಲ್ಲರೂ ನಕ್ಕರು. “ಫೈಲ್ ಇಲ್ಲೇ ಬಿಟ್ಟು ಹೋಗ್ರಿ, ತಿದ್ದಿ ತೋರಸ್ತೇನಿ.” ಬಿಟ್ಟು ಬಂದೆ.

ಕೆಲ ತಿಂಗಳ ನಂತರ ಸ್ಟುಡಿಯೊಕ್ಕೆ ಬಂದ ಗಿರಾಕಿಯೊಬ್ಬಳು ಮೊಬೈಲಿನಲ್ಲಿ ಹುಬ್ಬಳ್ಳಿಯ ಪ್ರದರ್ಶನವೊಂದರ ಪೋಸ್ಟರ್ ತೋರಿಸಿದಳು. ಅದೇ ಹೊಲ, ಅದೇ ಕೈ, ಅದೇ ತೊಟ್ಟಿಲು. ಕೆಳಗೆ ಆ ಕಲಾವಿದರ ಹೆಸರು. ಸ್ಟುಡಿಯೊದ ಬಾಗಿಲು ಹಾಕಿ ನೇರ ತವರಿಗೆ ಹೋದೆ. ನನ್ನ ಕೂಸನ್ನೇ ಎತ್ತಿಕೊಂಡು ಹೋಗಿ ತನ್ನದೆಂದು ಊರಿಗೆಲ್ಲ ತೋರಿಸಿದಂತಿತ್ತು. ಅವನನ್ನು ಸುಮ್ಮನೆ ಬಿಡಬಾರದು ಅನ್ನಿಸಿತು. ಮನಸ್ಸಿನಲ್ಲಿ ಅವರಿಗೆ ಕೊಡುತ್ತಿದ್ದ ಬಹುವಚನ ಅಂದೇ ಹೋಯಿತು.

“ದೊಡ್ಡವ್ವಾ, ನಾಳೆ ಹುಬ್ಬಳ್ಳಿಗೆ ಹೋಗೂಣು. ತೊಟ್ಟಿಲಾನೂ ತಗೊಂಡು.”

ಬಸ್ಸಿನಲ್ಲಿ ತೊಟ್ಟಿಲು ನೋಡಿದ ಕಂಡಕ್ಟರ್ ನಗುತ್ತ ಕೇಳಿದ: “ಕೂಸೆಲ್ಲಿ ಬೇ?”

“ಕಳುವಾಗೇತಿ. ಹುಡುಕಾಕ ಹೊಂಟೇವಿ” ಎಂದಳು ದೊಡ್ಡವ್ವ. ಅವನ ನಗು ನಿಂತಿತು.

ಗ್ಯಾಲರಿಯಲ್ಲಿ ಅವನು ಅತಿಥಿಗಳ ನಡುವೆ ನಿಂತು, ಆ ಚಿತ್ರ ತನಗೆ ಕನಸಿನಲ್ಲಿ ಬಂದ ಬಗೆಯನ್ನು ವಿವರಿಸುತ್ತಿದ್ದ. ನಾವು ತೊಟ್ಟಿಲನ್ನು ಚಿತ್ರದ ಕೆಳಗೆ ಇಟ್ಟೆವು. ದೊಡ್ಡವ್ವ ಸೆರಗು ಸರಿಸಿ ಮಣಿಕಟ್ಟನ್ನು ಚಿತ್ರದ ಬಾಜು ಹಿಡಿದಳು. ಚೇಳಿನ ಪಕ್ಕ ಚೇಳು.

“ಈ ಕೈ ನಂದ್ರಿ. ನಿಮ್ಮ ಕನಸಿನ್ಯಾಗ ನಾ ಯಾವಾಗ ಬಂದಿದ್ದೆ?”

ಮೊಬೈಲುಗಳು ಮೇಲೆದ್ದವು. ಅವನು ನೀರು ಕೇಳಿದ. ಸಂಜೆಯೊಳಗೆ ಆ ವಿಡಿಯೊ ಊರೂರು ಸುತ್ತಿತು.

ಮರುವಾರ ಅವನು ಕುಬಿಹಾಳಕ್ಕೇ ಬಂದ. ದೊಡ್ಡವ್ವ ಚಹಾ ಕೊಟ್ಟಳು. ನಾನು ಕೂರು ಎನ್ನಲಿಲ್ಲ.

“ಇಬ್ಬರೂ ಕೂಡಿ ಮಾಡಿದ್ದು ಅಂತ ಹೇಳಿಬಿಡ್ರಿ. ನನ್ನ ಮಾನ ಹೊಂಟೇತಿ.”

“ನನಗ ನಕ್ಕ ತರಗತಿ ಮುಂದ ನಿಂತು, ಕದ್ದೇನಿ ಅಂತ ಹೇಳ್ರಿ. ಆಮ್ಯಾಲೆ ನೋಡೂಣು.”

ಬೇರೆ ದಾರಿಯಿಲ್ಲದೆ ಒಪ್ಪಿದ. ಆ ದಿನ ನಾನು ಮೊದಲ ಸಾಲಿನಲ್ಲಿ ಕೂತೆ. ನೆಲ ನೋಡುತ್ತ, ಸಣ್ಣ ದನಿಯಲ್ಲಿ ಹೇಳಿ ಮುಗಿಸಿದ.

“ಹಿಂದಿನವರಿಗೆ ಕೇಳಲಿಲ್ರಿ ಸರ್. ಇನ್ನೊಮ್ಮೆ ಹೇಳ್ರಿ” ಎಂದೆ.

ಮತ್ತೆ ಹೇಳಿದ. ದನಿ ಒಡೆಯಿತು. ಕನಿಕರ ಬರಬಹುದೇನೋ ಎಂದು ಕಾದೆ, ಬರಲಿಲ್ಲ.

ಆ ಚಿತ್ರ ಅದೇ ಗ್ಯಾಲರಿಯಲ್ಲಿ ನನ್ನ ಹೆಸರಿನಲ್ಲಿ ತೂಗುವ ದಿನಕ್ಕೆ ಅವನಿಗೆ ಆಮಂತ್ರಣ ಹೋಗಲೇಬೇಕೆಂದು ಹಟ ಹಿಡಿದೆ. ಬರಲಿಲ್ಲ. ಅವನ ಹೆಸರು ಬರೆದ ಕುರ್ಚಿಯನ್ನು ಎದುರಿಗೇ ಹಾಕಿಸಿ, ಕಾರ್ಯಕ್ರಮ ಮುಗಿಯುವವರೆಗೂ ಅದರಲ್ಲಿ ಯಾರನ್ನೂ ಕೂರಗೊಡಲಿಲ್ಲ.