ಸಂಜೆ ಆರರ ವಿಮಾನ ಕಂಪನಿ

ನಮ್ಮ ಮನೆ ಮಾಲೀಕರು ಹಗಲೆಲ್ಲ ಗಡಿಯಾರ ರಿಪೇರಿ ಮಾಡಿ, ಸಂಜೆ ಆರಕ್ಕೆ ಸರಿಯಾಗಿ ಒಂದು ವಿಮಾನ ಕಂಪನಿಯ ಮುಖ್ಯಸ್ಥರಾಗುತ್ತಾರೆ. ಕಂಪನಿ ಇರುವುದು ಕಂಪ್ಯೂಟರಿನೊಳಗೆ. ನಲವತ್ತು ಪೈಲಟ್‌ಗಳು ತಂತಮ್ಮ ಮನೆಯಲ್ಲೇ ಕೂತು ವಿಮಾನ ಹಾರಿಸುತ್ತಾರೆ. ಇದನ್ನು ಆಟ ಎಂದು ಅವರೆದುರು ಬಾಯಿತಪ್ಪಿಯೂ ಅನ್ನಬಾರದು. ಮೂರು ಗಂಟೆಯ ದಾರಿಗೆ ಮೂರು ಗಂಟೆ ಕೂರಲೇಬೇಕು. ಧಡ್ ಎಂದು ಇಳಿಸಿದವರಿಗೆ, "ಇದು ಇಳಿಸಿದ್ದಲ್ಲಪ್ಪ, ಎತ್ತಿ ಹಾಕಿದ್ದು" ಎಂದು ಬರೆದು ಅವರ ಹಾರಾಟದ ವರದಿ ವಾಪಸ್. ಮೂವತ್ತು ದಿನ ಹಾರದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಸ್ವಂತ ಅಳಿಯನನ್ನೂ ಬಿಟ್ಟಿಲ್ಲ. ಅಂಥವರು ಮೊನ್ನೆ, ಮೂವತ್ತೊಂದು ದಿನವಾದರೂ ಏಳನೇ ನಂಬರಿನ ಪೈಲಟ್‌ನ ಹೆಸರು ತೆಗೆಯಲಾಗದೆ ಕೂತಿದ್ದು ಕಂಡು ನನಗೆ ಗಾಬರಿಯಾಯಿತು. "ಯಾರು ಸಾರ್ ಇವರು?" ಎಂದೆ. "ಮೇಲಿನ ಮನೆಯವನು. ನನ್ನ ತಮ್ಮ." ನಾನು ದಂಗಾದೆ. ಮನೆ ಪಾಲಾದ ಮೇಲೆ ಹನ್ನೊಂದು ವರ್ಷ ಈ ಅಣ್ಣತಮ್ಮಂದಿರು ಮುಖ ಕೊಟ್ಟು ಮಾತಾಡಿದ್ದನ್ನು ಬೀದಿಯಲ್ಲಿ ಯಾರೂ ಕಂಡಿಲ್ಲ. "ಅವನ ಹತ್ರ ನಾನ್ಯಾಕೆ ಮಾತಾಡ್ಲಿ? ಪೈಲಟ್ ಇಳಿಯೋಕೆ ಅನುಮತಿ ಕೇಳ್ತಾನೆ, ಕೊಡ್ತೀನಿ, ಅಷ್ಟೇ. ದಿನಾ ಕೇಳ್ತಿದ್ದ" ಎಂದರು. ಅಷ್ಟರಲ್ಲಿ ಚಾವಣಿಯಾಚೆ ಯಾರೋ ಬಹಳ ಹೊತ್ತು ಕೆಮ್ಮಿದರು. ಕೆಮ್ಮು ನಿಲ್ಲುವವರೆಗೂ ಮಾಲೀಕರು ಉಸಿರು ಬಿಗಿಹಿಡಿದಿದ್ದರು. "ಒಂದು ತಿಂಗಳಿಂದ ಹೀಗೇ" ಎಂದರು ಮೆಲ್ಲಗೆ. "ಹದಿನಾಲ್ಕು ಮೆಟ್ಟಿಲು ಸಾರ್, ಹತ್ತಿ ಹೋಗಿ ನೋಡಿ" ಎಂದೆ. ಅವರು ಕೂತಲ್ಲಿಂದಲೇ ನನ್ನ ಮುಖ ನೋಡುತ್ತ, "ಹೋಗ್ಲಾ?" ಎಂದು ಕೇಳಿದರು.