ತಂಡೇಲರ ತೊಂಬತ್ತಾರು ಪುಟ

ನಾಲ್ಕು ವರ್ಷದ ಹಿಂದಿನ ಜುಲೈ ತಿಂಗಳು. ಕುದ್ರೋಳಿಯ ನನ್ನ ಸ್ಕ್ಯಾನಿಂಗ್ ಮತ್ತು ಪ್ರಿಂಟಿಂಗ್ ಅಂಗಡಿಗೆ ಆಗ ಹದಿನೇಳು ವರ್ಷ ತುಂಬಿತ್ತು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಮಣ್ಣಗುಡ್ಡದ ಸ್ಟುಡಿಯೋ ಒಂದರ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತ ಕೈ ಪಳಗಿಸಿಕೊಂಡೆ. ಕಂಪ್ಯೂಟರ್ ಬಂದಾಗ ಅದನ್ನೂ ನೋಡಿ ನೋಡಿಯೇ ಕಲಿತೆ. ಪದವೀಧರರು ಆಗುವುದಿಲ್ಲ ಎಂದು ಕೈಬಿಟ್ಟ ಕೆಲಸ ನನ್ನ ಮೇಜಿಗೆ ಬರುತ್ತಿತ್ತು. ಆ ಹೆಮ್ಮೆ ನನಗಿತ್ತು, ಈಗಲೂ ಇದೆ. ಅದು ಒಮ್ಮೆ ಮುಗ್ಗರಿಸಿದ ಕತೆ ಇದು.

ಆ ತಿಂಗಳ ಕೊನೆಯ ವಾರ ವಾಮನಣ್ಣ ಅಂಗಡಿಗೆ ಬಂದರು. ಮೂವತ್ತೈದು ವರ್ಷ ಟ್ರಾಲ್ ಬೋಟ್ ನಡೆಸಿದ ತಂಡೇಲರು, ಅಂದರೆ ಬೋಟಿನ ಮುಖ್ಯಸ್ಥರು. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ತಿಂದು ಹಾಕಿತ್ತು. ತಂಗಿಯ ಮಗ ದಿನೇಶ ಅವರ ಕೈ ಹಿಡಿದಿದ್ದ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ ಒಂದಕ್ಕೆ ಬೋಟುಗಳು ಕಡಲಿಗಿಳಿಯಬೇಕು. ಆ ಸಲದಿಂದ ತಂಡೇಲ ದಿನೇಶ. ಅವನ ಜತೆ ಏಳು ಮಂದಿ.

ವಾಮನಣ್ಣ ಅಂಗಿಯೊಳಗಿಂದ ಪ್ಲಾಸ್ಟಿಕ್ ಸುತ್ತಿದ ಸಣ್ಣ ಪುಸ್ತಕ ತೆಗೆದರು. ತೊಂಬತ್ತಾರು ಪುಟ. ಬಲೆ ಎಳೆಯುವ ದಾರಿಯಲ್ಲಿ ನೀರಿನಡಿ ಎಲ್ಲೆಲ್ಲಿ ಕಲ್ಲು ಉಂಟು, ಎಲ್ಲಿ ಮುಳುಗಿದ ಹಡಗಿನ ಕಬ್ಬಿಣ ಉಂಟು, ಎಲ್ಲವನ್ನೂ GPS ಅಂಕಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದರು. ಪಕ್ಕದಲ್ಲಿ ಕಲ್ಲಿನ ಸಾಲಿನ ಪುಟ್ಟ ಚಿತ್ರ. ಹನ್ನೊಂದು ಪುಟಗಳಲ್ಲಿ ಕೆಂಪು ಶಾಯಿಯ ಸುತ್ತು. ಬಲೆ ಅಲ್ಲಿ ಸಿಕ್ಕಿಕೊಂಡರೆ ಬೋಟೇ ಮಗುಚಬಹುದು ಎಂದು ಅದರ ಅರ್ಥ. ಪುಸ್ತಕ ಉಪ್ಪುನೀರಿಗೆ ಹಣ್ಣಾಗಿತ್ತು. ಅದನ್ನು ಮನೆಯಲ್ಲಿಟ್ಟು, ಪುಟಗಳ ಚಿತ್ರವನ್ನು ಬೋಟಿನ ಫೋನಿಗೆ ಹಾಕಿಕೊಡಬೇಕಿತ್ತು.

"ಅಂಕಿಗಳನ್ನು ಟೈಪ್ ಮಾಡಿದರೆ ಆಗುವುದಿಲ್ವಾ?" ಎಂದೆ.

"ಆಗ್ಲಿಕ್ಕಿಲ್ಲ," ಎಂದರು ವಾಮನಣ್ಣ. "ನಂಬರ್ ಅಂದ್ರೆ ಬರೆದವನ ಕೈಬರಹದಲ್ಲೇ ಇರ್ಬೇಕು. ಇವನು ಅಲ್ಲಿಗೆ ಹೋಗಿ, ಬಲೆ ಬಿಟ್ಟು ನೋಡಿದ ಮೇಲೆ ಇವನ ಪುಸ್ತಕದಲ್ಲಿ ಇವನೇ ಬರೆಯುವುದು. ನಮ್ಮಲ್ಲಿ ಹಾಗೆ."

ಇನ್ನೊಂದು ನಿಯಮವೂ ಇತ್ತು. ತಂಡೇಲರ ಪುಸ್ತಕವನ್ನು ಬೇರೆಯವರು ನೋಡಬಾರದು. ನಾನು ಸ್ಕ್ಯಾನ್ ಮಾಡುವಷ್ಟು ಹೊತ್ತು ಅವರು ಪಕ್ಕದಲ್ಲೇ ಕೂತರು. ಕೆಲಸ ಮುಗಿದ ಕೂಡಲೇ ಪುಸ್ತಕ ಮತ್ತೆ ಅಂಗಿಯೊಳಗೆ ಹೋಯಿತು.

ತೊಡಕು ಇದ್ದದ್ದು ಫೋನಿನಲ್ಲಿ. ಅದರಲ್ಲಿ ಉಳಿದದ್ದು 140 MB ಜಾಗ ಮಾತ್ರ. ಮೆಮೊರಿ ಕಾರ್ಡ್ ಹಾಕುವ ಸಂದು ಉಪ್ಪುಗಾಳಿಗೆ ತುಕ್ಕು ಹಿಡಿದಿತ್ತು. ನನ್ನ ಸ್ಕ್ಯಾನ್ ಆರುನೂರು MB ದಾಟಿತ್ತು. ನಾನು ಯೋಚಿಸಲೂ ಇಲ್ಲ. ಸಾಫ್ಟ್‌ವೇರಿನಲ್ಲಿ ಅತಿ ಚಿಕ್ಕ ಫೈಲ್ ಎಂಬ ಆಯ್ಕೆ ಒತ್ತಿದೆ. ಇಡೀ ಪುಸ್ತಕ 9 MB ಆಯಿತು.

"ನೋಡು ದಿನೇಶ, ಆರುನೂರನ್ನು ಒಂಬತ್ತಕ್ಕೆ ಇಳಿಸಿದೆ," ಎಂದು ಎದೆಯುಬ್ಬಿಸಿದೆ.

ಮರುದಿನ ಬೆಳಿಗ್ಗೆ ಇಬ್ಬರೂ ಮತ್ತೆ ಬಾಗಿಲಲ್ಲಿ. ಮನೆಯಲ್ಲಿ ದಿನೇಶ ಫೋನ್ ನೋಡಿ ಅಂಕಿ ಓದಿದ್ದಾನೆ, ವಾಮನಣ್ಣ ನೆನಪಿನಿಂದ ತಾಳೆ ನೋಡಿದ್ದಾರೆ. ನಲವತ್ತೊಂದನೇ ಪುಟದಲ್ಲಿ ತಡೆದಿದ್ದಾರೆ.

"ಇದರಲ್ಲಿ ಬಿಂದು ಆದ ಮೇಲೆ ಎಂಟು ಉಂಟಂತೆ. ನಾನು ಬರೆದದ್ದು ಮೂರು," ಎಂದರು.

ನನಗೆ ಸಿಟ್ಟು ಬಂತು. "ಯಂತ್ರ ಅಂಕಿಯನ್ನು ಬದಲಿಸುತ್ತದಾ ವಾಮನಣ್ಣ? ನಿಮಗೆ ಮರೆತಿರಬೇಕು. ಕಣ್ಣು ಬೇರೆ ಮಂಜು."

ಆ ಮಾತು ಬಾಯಿಂದ ಬಿದ್ದದ್ದೇ ದಿನೇಶನ ಮುಖ ಕೆಂಪಾಯಿತು. ವಾಮನಣ್ಣ ಅವನ ತೋಳು ಹಿಡಿದು ತಡೆದರು. ಪುಸ್ತಕ ತೆಗೆದು ನನ್ನ ಮುಂದೆ ಇಟ್ಟರು. "ನಿನ್ನ ಕಣ್ಣು ಸರಿ ಉಂಟಲ್ಲ, ನೀನೇ ನೋಡು."

ಪುಸ್ತಕದಲ್ಲಿ ಮೂರು ಇತ್ತು. ಮಾಸಿದ ಪೆನ್ಸಿಲ್, ಆದರೆ ಮೂರೇ. ನನ್ನ ಫೈಲಿನಲ್ಲಿ ಅದರ ತೆರೆದ ಬಾಯಿ ಕಲೆ ಕಲೆಯಾಗಿ ಮುಚ್ಚಿಹೋಗಿ ಎಂಟರ ಹಾಗೆ ನಿಂತಿತ್ತು. ಕಡಲಿನಲ್ಲಿ ಆ ವ್ಯತ್ಯಾಸ ಅರ್ಧ ನಾಟಿಕಲ್ ಮೈಲು, ಒಂಬೈನೂರು ಮೀಟರಿಗೂ ಮಿಕ್ಕಿ. ಆ ಅಂಕಿಯ ಸುತ್ತ ಕೆಂಪು ಶಾಯಿ ಇತ್ತು.

ನಾನು ಕುರ್ಚಿಯಿಂದ ಎದ್ದೆ. "ತಪ್ಪು ನನ್ನದು. ಆ ಫೈಲನ್ನು ಈಗಲೇ ಅಳಿಸು ದಿನೇಶ. ಇನ್ನು ನಾಲ್ಕು ದಿನ ಉಂಟು. ಸರಿ ಮಾಡದೆ ನಾನು ಬೇರೆ ಕೆಲಸ ಮುಟ್ಟುವುದಿಲ್ಲ."

ಇಲ್ಲಿ ಸ್ವಲ್ಪ ವಿವರಿಸಬೇಕು. ಚಿತ್ರದ ಫೈಲನ್ನು ಕಿರಿದಾಗಿಸಲು ಎರಡು ದಾರಿಗಳಿವೆ. ಲಾಸಿ ದಾರಿಯಲ್ಲಿ, ಕಣ್ಣಿಗೆ ಅಷ್ಟೇನೂ ಬೇಡವೆಂದು ಯಂತ್ರಕ್ಕೆ ತೋರಿದ್ದನ್ನು ಅದು ಎಸೆದುಬಿಡುತ್ತದೆ. ಮದುವೆ ಫೋಟೋಕ್ಕೆ ಅದು ನಡೆಯುತ್ತದೆ. ನಾನು ಮೊದಲು ಒತ್ತಿದ್ದು ಆ ದಾರಿಯನ್ನೇ. ಲಾಸ್‌ಲೆಸ್ ದಾರಿಯಲ್ಲಿ ಏನನ್ನೂ ಎಸೆಯುವುದಿಲ್ಲ. ಬಿಳಿ, ಬಿಳಿ, ಬಿಳಿ ಎಂದು ನೂರು ಸಲ ಬರೆಯುವ ಬದಲು ನೂರು ಬಿಳಿ ಎಂದು ಒಮ್ಮೆ ಬರೆದಿಡುವ ಲೆಕ್ಕ ಅದು. ಬಿಚ್ಚಿದಾಗ ಪ್ರತಿ ಚುಕ್ಕೆಯೂ ತನ್ನ ಜಾಗದಲ್ಲೇ ಇರುತ್ತದೆ. ಆದರೆ ಅದರಿಂದ ಫೈಲ್ ಅಷ್ಟು ಸುಲಭವಾಗಿ ಇಳಿಯುವುದಿಲ್ಲ.

ಎಲ್ಲ ಪುಟಗಳನ್ನೂ ಬಣ್ಣದಲ್ಲಿಟ್ಟು PNG ಮಾಡಿದೆ. ಅದು ಲಾಸ್‌ಲೆಸ್ ಜಾತಿಯ ಫೈಲ್. 345 MB ಬಂತು. ಎರಡನೇ ದಿನ ಒಂದು ಪುಟವನ್ನು ಪರದೆಯಲ್ಲಿ ದೊಡ್ಡದು ಮಾಡಿ ನೋಡುತ್ತ ಕೂತಾಗ ಕಾರಣ ಹೊಳೆಯಿತು. ಹಳೆಯ ಕಾಗದದ ಹಳದಿಯಲ್ಲಿ ಸಾವಿರ ಛಾಯೆಗಳಿದ್ದವು, ಜಾಗ ತಿನ್ನುತ್ತಿದ್ದದ್ದು ಅವೇ. ಅದನ್ನು ತೆಗೆಯುವ ಮೊದಲು, ಪುಸ್ತಕ ಹಿಡಿದು ಪಕ್ಕದಲ್ಲೇ ಕೂತಿದ್ದವರನ್ನು ಈ ಸಲ ಕೇಳಿದೆ.

"ವಾಮನಣ್ಣ, ಪೆನ್ಸಿಲಿನ ಪುಟಗಳಲ್ಲಿ ಕಾಗದದ ಹಳದಿ ಬಣ್ಣ ಬೇಕಾ?"

"ಎಂತ ಮಾರಾಯ, ಹಳದಿಯನ್ನು ಬಲೆಗೆ ಕಟ್ಟಲಿಕ್ಕುಂಟಾ?"

ಎಂಬತ್ತೈದು ಪುಟಗಳನ್ನು ಬೂದು ಬಣ್ಣದಲ್ಲಿ ಹೊಸದಾಗಿ ಸ್ಕ್ಯಾನ್ ಮಾಡಿದೆ. ಕೆಂಪು ಇದ್ದ ಹನ್ನೊಂದನ್ನು ಬಣ್ಣದಲ್ಲೇ ಉಳಿಸಿದೆ. 142 MB. ಎರಡು MB ಹೆಚ್ಚು!

"ಒಂದು ಪುಟ ಬಿಟ್ಟುಬಿಡಿ ಉಮೇಶಣ್ಣ, ನಾನು ನೆನಪಿಟ್ಟುಕೊಳ್ತೇನೆ," ಎಂದ ದಿನೇಶ.

"ನಿನಗೆ ನಿನ್ನೆ ಊಟಕ್ಕೆ ಎಂತ ಮಾಡಿದ್ದು ಅಂತ ನೆನಪುಂಟಾ?" ಎಂದರು ಮಾವ.

ಒಂದೂ ಬಿಡುವ ಪ್ರಶ್ನೆ ಇರಲಿಲ್ಲ. ಪುಟದ ಅಂಚಿನಾಚೆ ಬಿದ್ದಿದ್ದ ಸ್ಕ್ಯಾನರಿನ ಕಪ್ಪು ಪಟ್ಟಿಯನ್ನು ಒಂದೊಂದಾಗಿ ಕತ್ತರಿಸಿದೆ. ಸ್ಕ್ಯಾನರ್ ತಾನಾಗಿ ಸೇರಿಸಿದ್ದ ತಾರೀಕು, ಮಾಡೆಲ್ ಎಂಬ ಮಾಹಿತಿಯನ್ನು ತೆಗೆದೆ. ಆಮೇಲೆ PNG ಹಿಂಡುವ ಟೂಲ್ ಹಾಕಿದೆ. ಅದು ಒಂದೇ ಚಿತ್ರವನ್ನು ಹಲವು ಬಗೆಯಲ್ಲಿ ಮಡಚಿ ನೋಡಿ, ಯಾವುದು ಚಿಕ್ಕದೋ ಅದನ್ನು ಉಳಿಸಿಕೊಳ್ಳುತ್ತದೆ. ಮೂರನೇ ದಿನ ಮಧ್ಯಾಹ್ನ ಒಟ್ಟು 124 MB ಎಂದು ತೋರಿಸಿತು.

ಆದರೂ ಈ ಸಲ ಎದೆಯುಬ್ಬಿಸಲಿಲ್ಲ. ಹಿಂಡುವ ಮೊದಲಿನ ಚಿತ್ರವನ್ನೂ ಹಿಂಡಿದ ಚಿತ್ರವನ್ನೂ ಒಂದರ ಮೇಲೊಂದು ಇಟ್ಟು, ಒಂದರಿಂದ ಇನ್ನೊಂದನ್ನು ಕಳೆಯುವ ಕ್ರಮವಿದೆ. ಎರಡೂ ಒಂದೇ ಇದ್ದಲ್ಲಿ ಕಪ್ಪು, ಒಂದು ಚುಕ್ಕೆ ಬೇರೆಯಾಗಿದ್ದರೂ ಅದು ಬೆಳಗಿ ಕಾಣುತ್ತದೆ. ತೊಂಬತ್ತಾರನ್ನೂ ಹಾಗೆ ಕಳೆದು ನೋಡಿದೆ.

"ಎಂತ ಕಾಣ್ತದೆ?" ಎಂದು ಕೇಳಿದರು ವಾಮನಣ್ಣ.

"ಏನೂ ಇಲ್ಲ. ಪೂರ್ತಿ ಕಪ್ಪು."

"ಹಾಗಾದ್ರೆ ನನಗೆ ಕಾಣುವ ಹಾಗೆಯೇ!" ಎಂದು ಅವರು ನಕ್ಕಾಗ ನಾನು ನಗಲಾರದೆ ಅವರ ಕೈ ಹಿಡಿದೆ. ಮೊದಲು ಆಡಿದ ಮಾತಿಗೆ ಕ್ಷಮೆ ಕೇಳಿದ್ದೂ ಆಗಲೇ.

ಮತ್ತೆ ತಾಳೆ ನೋಡುವ ಕೆಲಸ. ದಿನೇಶ ಫೋನಿನಿಂದ ಓದಿದ, ವಾಮನಣ್ಣ ನೆನಪಿನಿಂದ ಹೇಳಿದರು. ನಲವತ್ತೊಂದನೇ ಪುಟದಲ್ಲಿ ಮೂರು ಬಂತು. ಎಂಬತ್ತೆಂಟನೇ ಪುಟದಲ್ಲಿ ದಿನೇಶ "ಆರು" ಎಂದ. "ಒಂಬತ್ತು," ಎಂದರು ವಾಮನಣ್ಣ. ಪುಸ್ತಕ ತೆರೆದೆವು. ಆರು ಎಂದೇ ಇತ್ತು. ದಿನೇಶ ಬೆರಳಿಟ್ಟು ಎರಡು ಸಲ ನೋಡಿದ, ನಾನೂ ನೋಡಿದೆ.

ವಾಮನಣ್ಣ ಫೋನನ್ನು ತಡವಿ ಹುಡುಕಿ, ಅಳಿಯನ ಅಂಗೈಗೆ ಒತ್ತಿದರು. "ಇದರಲ್ಲಿ ಇದ್ದದ್ದೇ ಸರಿ. ಕಡಲಿಗೆ ಹೋದ ಮೇಲೆ ನನಗೆ ಫೋನ್ ಮಾಡಿ ಕೇಳ್ಬೇಡ. ಇದನ್ನು ನೋಡು."

ಆಗಸ್ಟ್ ಒಂದರಂದು ಬೋಟ್ ಹೊರಟಿತು. ಬಲೆ ಹರಿಯದೆ, ಎಂಟು ಮಂದಿಯೂ ಸುಸೂತ್ರವಾಗಿ ಬಂದರಿನ ದಕ್ಕೆಗೆ ಮರಳಿದರು.

ಅಂದಿನಿಂದ ಫೈಲ್ ಚಿಕ್ಕದು ಮಾಡಿಕೊಡಿ ಎಂದು ಯಾರೇ ಬಂದರೂ, ಇದರಲ್ಲಿ ಯಾವುದು ಹೋದರೆ ನಿಮಗೆ ನಡೆಯುವುದಿಲ್ಲ ಎಂದು ಮೊದಲು ಕೇಳುತ್ತೇನೆ. ಅದು ನನಗೆ ಹೇಗೆ ಗೊತ್ತಿರಬೇಕು? ವಸ್ತು ಅವರದ್ದು. ತಾಳೆ ನೋಡದೆ ಒಂದು ಫೈಲನ್ನೂ ಅಂಗಡಿಯಿಂದ ಹೊರಗೆ ಬಿಡುವುದಿಲ್ಲ.

ಅಂಗಡಿಯ ಗೋಡೆಯಲ್ಲಿ ನನ್ನ ಒಳ್ಳೆಯ ಕೆಲಸಗಳ ಮಾದರಿಗಳನ್ನು ತೂಗುಹಾಕಿದ್ದೇನೆ. ಎಲ್ಲಕ್ಕಿಂತ ಒಳ್ಳೆಯದು ಅಲ್ಲಿ ಇಲ್ಲ. ತಾಳೆ ನೋಡಿ ಮುಗಿದ ಆ ದಿನ ಅವರಿಬ್ಬರ ಎದುರಿಗೇ ತೊಂಬತ್ತಾರು ಪುಟಗಳನ್ನೂ ನನ್ನ ಕಂಪ್ಯೂಟರಿನಿಂದ ಅಳಿಸಿದೆ. ದಿನೇಶ ಪರದೆ ನೋಡಿ, "ಹೋಯಿತು ಮಾವ, ಒಂದೂ ಇಲ್ಲ," ಎಂದ ಮೇಲೆಯೇ ವಾಮನಣ್ಣ ಎದ್ದದ್ದು.